ನನ್ನ ಜರ್ಮನ್ನು, ಬೀಗಿತ್ತಿಯ ಜರ್ಮನ್ನು

ಎಲ್ಲರ ಮನೇಲೂ ವರ್ಷಕ್ಕೋ ಎರಡು ವರ್ಷಕ್ಕೋ ಒಂದ್ಸಲ ಎದೆ ಧಸಕ್ ಅನ್ನೋ ಅಂಥ ಸುದ್ದಿ ಬರುತ್ತೆ. ನಮ್ಮನೆಗೆ ಮಾತ್ರ ಅದು ಹಾಲು, ಪೇಪರಿನ ಜೊತೆ ಬರುತ್ತೆ. ನಾನು ಗಟ್ಟಿ ಹೆಂಗಸು ಅಂತ ಬೀದಿಯೋರೆಲ್ಲ ಅಂತಾರೆ. ಗಟ್ಟಿ ಆಗದೆ ಏನ್ರೀ ಮಾಡೋದು, ಈ ಪಾಟಿ ಹೊಡೆತ ತಿಂದ ಮೇಲೆ!

ನಮ್ಮದು ಕೋಣನಕುಂಟೆ. ಅದು ಇನ್ನೂ ಹಳ್ಳಿಯಾಗಿದ್ದಾಗಿಂದ ಇಲ್ಲೇ ಇರೋರು ನಾವು. ನಮ್ಮ ಮಾವನೋರು ರಾಗಿ, ಸೊಪ್ಪು ಬೆಳೀತಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಮನೆ ನಿಂತಿದೆ. ಕೆಳಗಡೆ ನಾವು, ಮೇಲೆ ಬಾಡಿಗೆಯೋರು. ನಮ್ಮೆಜಮಾನ್ರಿಗೆ ಮೇನ್ ರೋಡಲ್ಲಿ ಹಾರ್ಡ್‌ವೇರ್ ಅಂಗಡಿ. ಇರೋಳು ಒಬ್ಬಳೇ ಮಗಳು. ಆ ಮಹಾತಾಯಿ ಒಂದು ಭಾನುವಾರ ಮುದ್ದೆ ಮುರೀತಾ, "ಅಮ್ಮಾ, ನಾನೊಬ್ಬ ಹುಡುಗನ್ನ ನೋಡ್ಕೊಂಡಿದೀನಿ" ಅಂದಳು. "ಯಾವ ಕಡೆಯೋರೇ?" ಅಂದೆ. "ಜರ್ಮನಿ ಕಡೆಯೋರು" ಅಂದಳು, ಕನಕಪುರದ ಕಡೆಯೋರು ಅಂದಷ್ಟೇ ಸಲೀಸಾಗಿ.

ಹುಡುಗ ಇಲ್ಲೇ ಅವಳ ಆಫೀಸಲ್ಲೇ ಕೆಲಸಕ್ಕಿರೋನು. ಮನೆಗೆ ಬಂದ, ನೋಡಿದ್ವಿ, ಒಳ್ಳೇ ಹುಡುಗ, ಕನ್ನಡಾನೂ ಚೆನ್ನಾಗೇ ಕಲ್ತಿದ್ದ. ಮುದ್ದೆ ನುಂಗೋಕೆ ಬರದೆ ಅಗಿದು ಅಗಿದು ಸುಸ್ತಾದ, ಆದ್ರೂ ಎರಡನೇದು ಹಾಕಿಸ್ಕೊಂಡ. ಅಷ್ಟಕ್ಕೇ ನಮ್ಮೆಜಮಾನ್ರು ಫ್ಲಾಟ್ ಆಗಿಬಿಟ್ರು. ನನಗೂ ಇಷ್ಟ ಆದ. ಆದರೆ ಒಂದೇ ಒಂದು ಭಯ ನನ್ನ ಹೊಟ್ಟೇಲಿ ಕೂತುಬಿಡ್ತು: ಮದುವೆ ಆದ ಮೇಲೆ ಇರೋ ಒಬ್ಬ ಮಗಳನ್ನ ಅಲ್ಲಿಗೆ ಕರಕೊಂಡು ಹೋಗಿಬಿಟ್ಟರೆ?

"ಹೋಗಲ್ಲ ಅಮ್ಮಾ" ಅಂತಾಳೆ ಅವಳು. "ಇಲ್ಲ ಆಂಟಿ" ಅಂತಾನೆ ಅವನು. ಅಲ್ಲಾ ಕಣ್ರೀ, ನಮ್ಮ ಕಡೆ ಮದುವೆ ಮಾತಲ್ಲಿ ಹುಡುಗ ಹುಡುಗಿ ಹೇಳಿದ್ದನ್ನ ಯಾರು ಲೆಕ್ಕಕ್ಕೆ ತಗೋತಾರೆ? ಆ ಮಾತು ಬೀಗಿತ್ತಿ ಬಾಯಿಂದ ಬರಬೇಕು. ಬೀಗಿತ್ತಿಗೋ ಜರ್ಮನ್ ಬಿಟ್ಟು ಇನ್ನೊಂದು ಅಕ್ಷರ ಬರಲ್ಲ. "ನಾನು ಮಧ್ಯ ಕೂತು ಹೇಳ್ತೀನಿ ಬಿಡಮ್ಮ" ಅಂದಳು ಮಗಳು. ಸ್ಕೂಲಲ್ಲಿ ಟೀಚರ್ ಬೈದಿದ್ದನ್ನ ಹೊಗಳಿದ್ರು ಅಂತ ಬಂದು ಹೇಳ್ತಿದ್ದೋಳು ಇವಳು. ಇವಳನ್ನ ನಂಬ್ಕೊಂಡು ಕೂರಲಾ?

"ನಾನೇ ಕಲೀತೀನಿ ಜರ್ಮನ್ನು" ಅಂದೆ. ನಮ್ಮೆಜಮಾನ್ರು ಟಿವಿ ಸೌಂಡು ಕಮ್ಮಿ ಮಾಡಿ, ಎದ್ದು ಬಂದು, ಜ್ವರ ಏನಾದ್ರೂ ಇದೆಯಾ ಅಂತ ನನ್ನ ಹಣೆ ಮುಟ್ಟಿ ನೋಡಿದ್ರು.

ಜರ್ಮನ್‌ನಿಂದ ಜರ್ಮನ್‌ಗೆ

ಜಯನಗರದಲ್ಲಿ ಸೀರೆಗೆ ಫಾಲ್ ಹಾಕೋ ಅಂಗಡಿ ಮೇಲೆ ನಮ್ಮ ಕ್ಲಾಸು. ಮೆಟ್ರೋ ಹತ್ತಿದ್ರೆ ಕಣ್ಮುಚ್ಚಿ ಬಿಡೋದ್ರಲ್ಲಿ ಅಲ್ಲಿ. ಟೀಚರ್ ನಮ್ಮ ಬನಶಂಕರಿಯೋರೇ. ಅವರ ಜರ್ಮನ್ನು ಕೇಳೋಕೆ ಎಷ್ಟು ಸೊಗಸು ಅಂತೀರಿ! ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ, ಯಾವ ಅಕ್ಷರಕ್ಕೂ ಮೋಸ ಮಾಡದೆ, ನಮ್ಮ ಪಕ್ಕದ್ಮನೆ ಜಲಜಕ್ಕ ಬಂದು ಮಾತಾಡಿದ ಹಾಗೆ ಹೇಳ್ತಿದ್ರು.

ನಿಜ ಹೇಳ್ತೀನಿ, ಮೊದಲನೇ ದಿನ ಕ್ಲಾಸಲ್ಲಿ ನನಗೆ ಅರ್ಥ ಆಗದೇ ಇದ್ದಿದ್ದು ಜರ್ಮನ್ ಅಲ್ಲ, ಪಕ್ಕದಲ್ಲಿ ಕೂತಿದ್ದ ಬಾಗಲಕೋಟೆ ಹುಡುಗಿ ಕನ್ನಡ. ಬಿಟಿಎಂನಲ್ಲಿ ರೂಮು ಮಾಡ್ಕೊಂಡು ಯಾವುದೋ ಕಂಪನೀಲಿ ಕೆಲಸಕ್ಕಿದ್ದಳು. ಬಾಯಿ ತೆಗೆದ್ರೆ ಎಕ್ಸ್‌ಪ್ರೆಸ್ ರೈಲು. ನಾನು ಮಾತಾಡಿದ್ರೆ ಅವಳು, "ಆಂಟಿ, ನೀವು ಅರ್ಧಾ ಅರ್ಧಾ ಮಾತು ನುಂಗ್ತೀರಿ ನೋಡ್ರಿ" ಅಂತಿದ್ದಳು. ಕೊನೆಗೆ ಇಬ್ಬರೂ ನಿಧಾನವಾಗಿ ಜರ್ಮನ್‌ನಲ್ಲೇ ಮಾತಾಡೋಕೆ ಶುರು ಮಾಡಿದ್ವಿ, ಆಮೇಲೆ ಜಗಳ ಇಲ್ಲ ಏನಿಲ್ಲ.

ಕೆಲವು ತಿಂಗಳಲ್ಲಿ ಇಡೀ ಕ್ಲಾಸು ಜರ್ಮನ್‌ನಲ್ಲಿ ಗಲಗಲ ಅಂತಿತ್ತು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಪಟ್ಟಂತ ತಿಳೀತಿತ್ತು. ನನಗಂತೂ ಜಂಬ ಬಂದುಬಿಡ್ತು. ಮೇಲಿನ ಬಾಡಿಗೆಯೋರು ನಲ್ಲಿ ಬಿಟ್ಟು ಹೋದ್ರೆ ಅವರನ್ನ ಬೈಯೋದೂ ಜರ್ಮನ್‌ನಲ್ಲೇ.

ಆಗ ಟೀಚರು ಒಂದು ಶನಿವಾರ ಅಸಲಿ ಜರ್ಮನ್ ಒಬ್ಬರನ್ನ ಕ್ಲಾಸಿಗೆ ಕರಕೊಂಡು ಬಂದ್ರು. ಅವರ ಪರಿಚಯದೋರಂತೆ, ಊರು ನೋಡೋಕೆ ಬಂದಿದ್ದೋರು. ಆ ಮನುಷ್ಯ ನಗುನಗ್ತಾ ನಿಂತ್ಕೊಂಡು ಬಾಯಿ ತೆಗೆದ್ರು. ಅಯ್ಯೋ ಶಿವನೇ! ಒಂದು ಮಾತಿನ ಬಾಲಕ್ಕೆ ಇನ್ನೊಂದು ಮಾತು ಅಂಟ್ಕೊಂಡು, ಅರ್ಧ ಗಂಟಲಲ್ಲಿ, ಅರ್ಧ ಮೂಗಲ್ಲಿ, ಎಲ್ಲಿ ಶುರು ಎಲ್ಲಿ ಮುಗೀತು ಒಂದೂ ಗೊತ್ತಾಗಲಿಲ್ಲ. ಇಡೀ ಕ್ಲಾಸಿಗೆ ಗರ ಬಡೀತು. ಬಾಗಲಕೋಟೆ ಹುಡುಗಿ ನನ್ನ ಕೈ ಹಿಡ್ಕೊಂಡು, "ಆಂಟಿ, ಇಷ್ಟ ದಿನ ನಾವು ಕಲ್ತಿದ್ದು ಏನ್ರಿ ಮತ್ತ?" ಅಂದಳು. ಬೀಗಿತ್ತಿನೂ ಹೀಗೇ ಮಾತಾಡಿದ್ರೆ ನನ್ನ ಗತಿ?

ಟೀಚರ್ ಮುಂದೆ ಬಂದು, ಅವರು ಹೇಳಿದ್ದನ್ನೇ, ಅದೇ ಜರ್ಮನ್‌ನಲ್ಲಿ, ಅದೇ ಮಾತುಗಳಲ್ಲಿ ತಾವು ಹೇಳಿದ್ರು. "ಓಹೋಹೋ!" ಅಂತ ಇಡೀ ಕ್ಲಾಸು ತಲೆ ಆಡಿಸ್ತು. ನನಗೂ ಎಲ್ಲಾ ತಿಳೀತು. ಬೆಂಗಳೂರು ಹವೆ ಚೆನ್ನಾಗಿದೆ, ಟ್ರಾಫಿಕ್ ಕಷ್ಟ ಅಂತ ಅಷ್ಟೇ ಅವರು ಹೇಳಿದ್ದು. ಆಮೇಲೆ ನಾನು ಎದ್ದು ಜರ್ಮನ್‌ನಲ್ಲಿ ಒಂದು ಪ್ರಶ್ನೆ ಕೇಳಿದೆ. ಆ ಪುಣ್ಯಾತ್ಮ ಹುಬ್ಬು ಗಂಟು ಹಾಕ್ಕೊಂಡು ಟೀಚರ್ ಮುಖ ನೋಡಿದ್ರು. ಟೀಚರ್ ನನ್ನ ಪ್ರಶ್ನೇನ ತುಸು ಮೂಗಲ್ಲಿ ಹೇಳಿದ್ರು. "ಓಹೋ!" ಅಂದ್ರು ಅವರು. ಹೀಗೇ ಆ ಕಡೆ ಈ ಕಡೆ ನಡೀತು. ಹೊರಡೋವಾಗ ಅವರು ಟೀಚರ್ ಕೈ ಕುಲುಕಿ ಇಂಗ್ಲಿಷಲ್ಲಿ ಹೇಳಿದ್ದು ನಮಗೆಲ್ಲ ನೇರವಾಗೇ ಅರ್ಥ ಆಯ್ತು: "ಮೇಡಂ, ನೀವು ಬಹಳ ಚೆನ್ನಾಗಿ ಅನುವಾದ ಮಾಡ್ತೀರಿ."

ಅರ್ಧ ಸ್ಪೀಡಿನ ಅಳಿಯ

ಅವತ್ತಿಂದ ನನಗೆ ನಿದ್ದೆ ಇಲ್ಲ. ಜರ್ಮನ್ನರು ಮಾತಾಡೋದನ್ನ ಫೋನಲ್ಲಿ ಹಾಕ್ಕೊಂಡು ಕೇಳೋಕೆ ಶುರು ಮಾಡಿದೆ. ಸಾರು ಕುದಿಸ್ತಾ ಕೇಳಿದೆ, ಬಟ್ಟೆ ಮಡಿಸ್ತಾ ಕೇಳಿದೆ. ಏನೂ ಹತ್ತಲಿಲ್ಲ. "ಸ್ವಲ್ಪ ನಿಧಾನ ಹೇಳಪ್ಪಾ, ಓಡಿಹೋಗ್ತೀಯಾ?" ಅಂತ ಫೋನಿಗೇ ಬೈದೆ. ಮಗಳು ನೋಡಿ ಪಾಪ ಅನ್ನಿಸಿ ಒಂದು ಉಪಾಯ ತೋರಿಸಿಕೊಟ್ಟಳು. ಒಂದು ಕಡೆ ಒತ್ತಿದ್ರೆ ಮಾತೆಲ್ಲ ಅರ್ಧ ಸ್ಪೀಡಲ್ಲಿ ಬರುತ್ತಂತೆ. ಒತ್ತಿದೆ. ಸ್ವಾಮೀ, ಎಲ್ಲಾ ತಿಳೀತು! ಒಂದೊಂದು ಮಾತೂ ಬಾಣಂತಿ ನಡೆದ ಹಾಗೆ ಮೆಲ್ಲಗೆ ಹೊರಗೆ ಬಂತು. ಖುಷೀಲಿ ನನಗೆ ಕಣ್ಣಲ್ಲಿ ನೀರು ಬಂತು.

ಆ ವಾರ ಹುಡುಗ ಊಟಕ್ಕೆ ಬಂದ. ನಾನು ಬಾಗಿಲಲ್ಲೇ ನಿಲ್ಲಿಸಿ, "ನೋಡಪ್ಪಾ, ಇನ್ಮೇಲೆ ನನ್ನ ಹತ್ರ ಜರ್ಮನ್‌ನಲ್ಲೇ ಮಾತಾಡು, ಆದ್ರೆ ಅರ್ಧ ಸ್ಪೀಡಲ್ಲಿ" ಅಂತ ಹೇಳಿ ಫೋನ್ ಹಾಕಿ ಕೇಳಿಸಿದೆ. ಹೇಳಿದ ಮಾತು ಕೇಳೋ ಹುಡುಗ. ಎರಡು ಸಲ ಕೇಳಿಸ್ಕೊಂಡು, ಸೋಫಾ ಮೇಲೆ ಕೂತು, ತಲೆ ತೂಗ್ತಾ, ಒಂದೊಂದು ಮಾತನ್ನೂ ಎಳೆದು ಎಳೆದು, "ಆಆ... ಊಊ..." ಅಂತ ಅವನ ಊರಿನ ಸುದ್ದಿ ಹೇಳ್ತಾ ಕೂತ. ನನಗೆ ಎಷ್ಟು ಸಂತೋಷ ಅಂದ್ರೆ, ಇನ್ನೊಂದು ಪ್ಲೇಟು ಬೋಂಡ ಕರಿಯೋಕೆ ಒಳಗೆ ಹೋದೆ.

ಅಷ್ಟರಲ್ಲಿ ನಮ್ಮೆಜಮಾನ್ರು ಅಂಗಡಿಯಿಂದ ಬಂದ್ರು. ಹುಡುಗ ಎದ್ದು ನಮಸ್ಕಾರ ಮಾಡಿದ. ನನ್ನ ಮನೇಲಿ ಎಲ್ಲಾದನ್ನೂ ನಿಧಾನವಾಗೇ ಮಾಡಬೇಕು ಅಂತ ತಿಳ್ಕೊಂಡಿದ್ನೋ ಏನೋ, "ನಮಸ್ಕಾಆಆರ ಅಂಕಅಅಲ್" ಅಂತ ಅದನ್ನೂ ಎಳೆದ. ನಮ್ಮೆಜಮಾನ್ರು ಸೀದಾ ಅಡಿಗೆಮನೆಗೆ ಬಂದು ಬಾಗಿಲು ಹಾಕ್ಕೊಂಡ್ರು. ಮುಖ ಬಿಳಿಚಿಕೊಂಡಿತ್ತು.

"ಕುಡ್ಕೊಂಡು ಬಂದವ್ನೆ ಕಣೆ!"

"ಯಾರು?"

"ಇನ್ಯಾರು, ನಿನ್ನ ಅಳಿಯ! ನಾಲಿಗೆ ಹೊರಳ್ತಾ ಇಲ್ಲ!"

"ಹೋಗ್ರೀ, ಇವತ್ತೇ ಅವನು ನೆಟ್ಟಗೆ ಮಾತಾಡ್ತಿರೋದು" ಅಂದೆ. ಅವರು ಕೇಳಲಿಲ್ಲ. ಹೋಗಿ ಹುಡುಗನ್ನ ತಬ್ಬಿಕೊಂಡು ಬಾಯಿ ವಾಸನೆ ನೋಡಿದ್ರು. ಅನುಮಾನ ಹೋಗಲಿಲ್ಲ. "ಒಂದು ಲೋಟ ನೀರು ತಗೊಂಬಾಪ್ಪ" ಅಂತ ನಡಿಗೆ ಪರೀಕ್ಷೆ ಮಾಡಿದ್ರು. ಮಾವನೋರು ಮೊದಲ ಸಲ ಕೆಲಸ ಹೇಳಿದಾರೆ ಅಂತ ಆ ಹುಡುಗ ತುಂಬಿದ ಲೋಟ ಎರಡು ಕೈಯಲ್ಲಿ ಹಿಡ್ಕೊಂಡು, ಚೆಲ್ಲಬಾರದು ಅಂತ ಹೆಜ್ಜೆ ಮೇಲೆ ಹೆಜ್ಜೆ ಇಟ್ಟು, ಗೋಡೆ ಹಿಡ್ಕೊಂಡು ಬಂದ. ಅಷ್ಟೇ, "ನಿಶ್ಚಿತಾರ್ಥ ಕ್ಯಾನ್ಸಲ್!" ಅಂತ ನಮ್ಮೆಜಮಾನ್ರು ಕೂಗಿದ್ದು ಎರಡನೇ ಅಂತಸ್ತಿನವರೆಗೂ ಕೇಳಿಸ್ತು.

ಮಗಳು ಬಂದು ಫೋನ್ ಹಾಕಿ ಕೇಳಿಸಿ, ವಿಷಯ ಬಿಡಿಸಿ ಹೇಳೋ ಹೊತ್ತಿಗೆ ಬೋಂಡ ಎಲ್ಲ ಸೀದು ಹೋಗಿತ್ತು. ನಮ್ಮೆಜಮಾನ್ರಿಗೆ ನಾಚಿಕೆ ಆಗಿ ಹುಡುಗನಿಗೆ ಹೊಸ ಶರ್ಟು ತಂದುಕೊಟ್ರು. ಆದ್ರೂ ಇವತ್ತಿನವರೆಗೂ ಅವನನ್ನ ತಬ್ಬಿಕೊಂಡಾಗ ಒಂದ್ಸಲ ಮೂಸೇ ಬಿಡೋದು.

ದೋಸೆಗೆ ಚಮಚ

ಕ್ಲಾಸ್ ಮುಗಿಸಿ ನಾನೂ ಬಾಗಲಕೋಟೆ ಹುಡುಗೀನೂ ಫೋರ್ತ್ ಬ್ಲಾಕಿನ ಒಂದು ದರ್ಶಿನೀಲಿ ದೋಸೆ ತಿಂತಿದ್ವಿ. ಪಕ್ಕದ ಟೇಬಲ್ಲಿಗೆ ಬಿಳಿಯರು ಗಂಡ ಹೆಂಡತಿ ಬಂದು ನಿಂತ್ರು. ಅವರು ತಮ್ಮತಮ್ಮಲ್ಲಿ ಏನೋ ಮಾತಾಡ್ಕೊಂಡ್ರು. ನಾವಿಬ್ಬರೂ ಕಿವಿ ಕೊಟ್ಟು ಕೇಳಿದ್ವಿ. ಒಂದಕ್ಷರ ಅರ್ಥ ಆಗಲಿಲ್ಲ. ಹಾಗಾದ್ರೆ ಇವರು ಜರ್ಮನ್ನರಲ್ಲ, ರಷ್ಯಾದೋರು ಇರಬೇಕು ಅಂತ ನಿರ್ಧಾರ ಮಾಡಿದ್ವಿ.

ಆ ಧೈರ್ಯದ ಮೇಲೆ ಜರ್ಮನ್‌ನಲ್ಲಿ ಶುರು ಹಚ್ಕೊಂಡ್ವಿ. ಆಯಪ್ಪ ಮಸಾಲೆ ದೋಸೇನ ಚಮಚದಲ್ಲಿ ಕಡಿದು ತಿಂತಿದ್ದಾನೆ ಅಂತ ನಾನು. ಚಟ್ನಿ ಪೂರ್ತಿ ಬಿಟ್ಟು ಬರೀ ಆಲೂಗಡ್ಡೆ ಆರಿಸ್ತಿದ್ದಾನೆ ಅಂತ ಅವಳು. ಆಯಮ್ಮ ಸಾಂಬಾರಿಗೆ ಸಕ್ಕರೆ ಹಾಕ್ಕೊಂಡಳು. ನಾನು ಕಣ್ಣಾರೆ ನೋಡಿ, "ಅಯ್ಯೋ, ಸಂಸಾರ ಹೆಂಗೆ ಮಾಡ್ತಾಳೋ" ಅನ್ನೋದನ್ನೂ ಜರ್ಮನ್‌ನಲ್ಲೇ ಅಂದೆ. ನಕ್ಕೂ ನಕ್ಕೂ ಹೊಟ್ಟೆ ಹಿಡ್ಕೊಂಡ್ವಿ.

ಕೈ ತೊಳ್ಕೊಂಡು ಹೊರಡೋವಾಗ ಆಯಪ್ಪ ನಮ್ಮ ಹತ್ರ ಬಂದು ಇಂಗ್ಲಿಷಲ್ಲಿ, "ಕ್ಷಮಿಸಿ, ನಾವು ಜರ್ಮನಿಯಿಂದ ಬಂದಿದೀವಿ" ಅಂದ. ಎಲ್ಲಾ ಕೇಳಿಸ್ಕೊಂಡವ್ನೆ, ಈಗ ಮಾನ ಕಳೀತಾನೆ ಅಂತ ಕೈಚೀಲ ಎದೆಗೆ ಒತ್ಕೊಂಡೆ. ಅವನು ಮುಂದುವರಿಸಿ, "ನೀವು ಮಾತಾಡೋದನ್ನ ಆಗಿಂದ ಕೇಳ್ತಾ ಇದೀವಿ. ಎಷ್ಟು ಇಂಪಾದ ಭಾಷೆ! ಇದೇನಾ ಕನ್ನಡ?" ಅಂದ.

ಬಾಗಲಕೋಟೆ ಹುಡುಗಿ ಕತ್ತೆತ್ತಿ, "ಯೆಸ್ ಸರ್, ಕನ್ನಡ" ಅಂದು ನನ್ನ ರಟ್ಟೆ ಹಿಡಿದು ಎಳಕೊಂಡು ಹೊರಗೆ ಬಂದಳು.

ಹೂಂ

ಮದುವೆ ಗೊತ್ತಾಯ್ತು. ಒಂದು ಮಧ್ಯಾಹ್ನ ಮಗಳು ಆಫೀಸಲ್ಲಿದ್ದಾಗ ಬೀಗಿತ್ತಿ ವಿಡಿಯೊ ಕಾಲ್ ಮಾಡಿಬಿಟ್ರು. ಗುಂಡು ಮುಖ, ಕೆಂಪು ಕೆನ್ನೆ, ನೋಡಿದ್ರೆ ಮನೆ ಜನ ಅನ್ನಿಸೋ ಹೆಂಗಸು. ನಾನು ಸೆರಗು ಸರಿ ಮಾಡ್ಕೊಂಡು, ಕಲಿತಿದ್ದನ್ನೆಲ್ಲ ನೆನೆಸ್ಕೊಂಡು ನಮಸ್ಕಾರ ಹೇಳಿದೆ. ಆಯಮ್ಮ ಶುರು ಮಾಡಿದ್ರು. ಕ್ಲಾಸಿಗೆ ಬಂದಿದ್ದೋರು ಪರವಾಗಿಲ್ಲ ಅನ್ನಿಸಿಬಿಡ್ತು! ಅವರದು ಬೆಟ್ಟದ ಕಡೆ ಒಂದು ಮೂಲೆ ಹಳ್ಳಿಯಂತೆ, ಆ ಸೀಮೆ ಮಾತೇ ಬೇರೆಯಂತೆ, ಪಕ್ಕದ ಪಟ್ಟಣದೋರೇ ಎರಡೆರಡು ಸಲ ಕೇಳ್ತಾರಂತೆ. ಇದನ್ನ ನನಗೆ ಮೊದಲೇ ಹೇಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ.

ಅರ್ಥ ಆಗಲಿಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಬೀಗಿತ್ತಿ ಮುಂದೆ ಮರ್ಯಾದೆ ಪ್ರಶ್ನೆ ನೋಡಿ. ಆಗ ನನಗೆ ಗೊತ್ತಿದ್ದಿದ್ದು ಒಂದೇ ದಾರಿ. "ಹೂಂ" ಅಂದೆ.

ನಮ್ಮಲ್ಲಿ ಯಾರಾದ್ರೂ ಮಾತಾಡ್ತಿದ್ರೆ ಎದುರಿಗಿರೋರು ಹೂಂಗುಡಲೇಬೇಕಲ್ವಾ. ಹೂಂ ಅನ್ನದೇ ಇದ್ರೆ, "ಕೇಳ್ತಾ ಇದೀಯೋ ಇಲ್ವೋ?" ಅಂತಾರೆ. ಒಪ್ಕೊಂಡ್ವಿ ಅಂತಲ್ಲ, ಇಲ್ಲೇ ಇದೀವಿ, ಹೇಳಿ ಅಂತ. ಅದನ್ನೇ ಮಾಡಿದೆ. ಅವರು ಒಂದು ಉಸಿರಿಗೆ ಒಂದಷ್ಟು ಹೇಳೋದು, ನಾನು "ಹೂಂ" ಅನ್ನೋದು. ಆಯಮ್ಮನ ಮುಖ ಅರಳಿದ್ದೇ ಅರಳಿದ್ದು. ಅವತ್ತು ಸಂಜೆ ಹುಡುಗ ಬಂದು ಹೇಳಿದ: "ಆಂಟಿ, ಅಮ್ಮ ತುಂಬಾ ಖುಷಿಯಾಗಿದಾರೆ. ನಾನು ಹೇಳಿದ್ದನ್ನ ಒಂದ್ಸಲಕ್ಕೇ ಅರ್ಥ ಮಾಡ್ಕೊಂಡೋರು ಪ್ರಪಂಚದಲ್ಲಿ ಇವರೊಬ್ಬರೇ ಅಂತಿದಾರೆ." ಮಗಳು ಬಂದು ತಬ್ಬಿಕೊಂಡು, "ಅಮ್ಮಾ, ನೀನು ಸೂಪರ್" ಅಂದಳು. ಇನ್ನು ನಿಜ ಹೇಳೋದು ಎಲ್ಲಿಂದ ಬಂತು?

ಅಲ್ಲಿಂದ ವಾರವಾರ ಫೋನು. ನನಗೆ ಕೇಳಬೇಕಾಗಿದ್ದು ಒಂದೇ ಮಾತು, ಮಗಳ ಮಾತು. ಆದರೆ ಅದನ್ನೆಲ್ಲ ಫೋನಲ್ಲಿ ಕೇಳೋದಲ್ಲ, ಎದುರಿಗೆ ಕೂರಿಸ್ಕೊಂಡು, ಹೊಟ್ಟೆ ತುಂಬ ಊಟ ಹಾಕಿ ಕೇಳಬೇಕು. ಅಲ್ಲಿವರೆಗೂ ಹೂಂ ಒಂದೇ ನನಗೆ ದಿಕ್ಕು. ಬರೀ ಹೂಂ ಅಂದ್ರೆ ಎಲ್ಲಿ ಸಿಕ್ಕಿಹಾಕ್ಕೋತೀನೋ ಅನ್ನೋ ದಿಗಿಲು ಬೇರೆ. ಬಾಗಲಕೋಟೆ ಹುಡುಗಿ ಹತ್ರ ಕಷ್ಟ ಹೇಳ್ಕೊಂಡೆ. "ಅದಕ್ಕ ಯಾಕ ಚಿಂತಿ ಮಾಡ್ತೀರಿ ಆಂಟಿ, ನಾಕ್ ಸಲ ಹೂಂ ಅನ್ರಿ, ನಡುವ ಒಂದ್ ಸಲ ಕಣ್ಣ ದೊಡ್ಡವು ಮಾಡಿ 'ಹೌದಾ!' ಅನ್ರಿ. ಯಾರಿಗೂ ಡೌಟ್ ಬರಂಗಿಲ್ಲ" ಅಂದಳು.

ಮುಂದಿನ ಸಲ ಬೀಗಿತ್ತಿ ಫೋನ್ ಮಾಡಿದಾಗ ಕಿಟಕಿ ಹೊರಗಿನ ಹಿಮ ತೋರಿಸಿದ್ರು, ಗಡಗಡ ನಡುಗಿ ತೋರಿಸಿದ್ರು, ಮಂಡಿ ಉಜ್ಜಿಕೊಂಡ್ರು. ಹೂಂ, ಹೂಂ. ನಾನೂ ನಮ್ಮನೆ ಎಲ್ಲಾ ತೋರಿಸಿದೆ. ಮೇಲಿನ ಅಂತಸ್ತಿನ ಬಾಡಿಗೆಯೋರು ಬಿಟ್ಟು ಹೋಗಿದ್ರು, ಆ ಖಾಲಿ ಮನೆ, ಅದರ ಬಾಲ್ಕನೀಲಿ ಬಿದ್ದಿದ್ದ ಬಿಸಿಲು ಎಲ್ಲಾನೂ ತೋರಿಸಿದೆ. ಆಗ ಆಯಮ್ಮ ದನಿ ತಗ್ಗಿಸಿ, ಬಹಳ ಹೊತ್ತು ಏನೋ ಕೇಳಿಕೊಂಡ ಹಾಗೆ ಮಾತಾಡಿದ್ರು. ಇದೇ ಸಮಯ ಅಂತ ನಾನು ಕಣ್ಣು ಅಗಲ ಮಾಡಿ "ಹೌದಾ!" ಅಂದೆ, ಹಿಂದೇನೇ ಇನ್ನೊಂದೆರಡು ಹೂಂ ಸೇರಿಸಿದೆ. ಬೀಗಿತ್ತಿ ಗೊಳೋ ಅಂತ ಅತ್ತುಬಿಟ್ರು. ಗಂಡನ್ನ ಕರೆದ್ರು, ಆಯಪ್ಪನೂ ಕಣ್ಣೊರೆಸ್ಕೊಂಡ್ರು. ಅಯ್ಯೋ ಪಾಪ, ಮನೇಲಿ ಯಾರೋ ತೀರ್ಕೊಂಡಿರಬೇಕು ಅಂತ ನಾನೂ ಅವರ ಜೊತೆ ಕೂತು ಅತ್ತೆ.

ಅವರೆಕಾಯಿ ಕಾಲದಲ್ಲಿ ಬೀಗರು

ಡಿಸೆಂಬರಲ್ಲಿ ಬೀಗರು ಬಂದಿಳಿದ್ರು. ಏರ್‌ಪೋರ್ಟಿಂದ ಬರೋಕೆ ಒಂದು ಕಾರು ಸಾಲದೆ ಹಿಂದೆ ಟೆಂಪೊ ಬಂತು. ಪೆಟ್ಟಿಗೆ ಮೇಲೆ ಪೆಟ್ಟಿಗೆ ಇಳಿಯೋದನ್ನ ನೋಡಿ ನಮ್ಮೆಜಮಾನ್ರು, "ಮಗಳಿಗೆ ಏನೇನು ತಂದವ್ರೋ ಕಣೆ" ಅಂತ ಮೀಸೆ ಅಡೀಲಿ ನಕ್ಕರು. ಖಾಲಿ ಇದ್ದ ಮೇಲಿನ ಮನೇಲೇ ಇಳಿಸಿದ್ವಿ. ಬೀಗಿತ್ತಿ ಗೋಡೆ ಮುಟ್ಟಿ ನೋಡಿದ್ರು, ಅಡಿಗೆಮನೆ ಬೀರು ತೆಗೆದು ನೋಡಿದ್ರು, ಬಂದ ದಿನವೇ ಪೆಟ್ಟಿಗೆಯಿಂದ ತೆಗೆದು ಕಿಟಕಿಗೆಲ್ಲ ಪರದೆ ಕಟ್ಟಿಬಿಟ್ರು. ಏನು ಶುಚಿ, ಏನು ಅಚ್ಚುಕಟ್ಟು ಜನ ಅಂತ ನಾನು ಬೀದಿಗೆಲ್ಲ ಹೇಳ್ಕೊಂಡು ಬಂದೆ.

ಚಪ್ಪರ ಹಾಕೋ ದಿನ. ಹೊರಗಡೆ ಗಂಡಸರು ಕಂಬ ನೆಡ್ತಿದ್ರು. ನಾನು ಒಳಗೆ ಹಜಾರದಲ್ಲಿ ನೆನೆಸಿದ ಅವರೆಕಾಳು ಬೇಸಿನ್ ತುಂಬ ಇಟ್ಕೊಂಡು ಹಿತುಕ್ತಾ ಕೂತಿದ್ದೆ. ಬೀಗಿತ್ತಿ ಬಂದು ಎದುರಿಗೆ ಚಾಪೆ ಮೇಲೆ ಕೂತು ತಾವೂ ಒಂದು ಕಾಳು ತಗೊಂಡು ಹಿತುಕಿದ್ರು. ಬೇಳೆ ಪಿಚಕ್ಕಂತ ಹಾರಿ ಟಿವಿಗೆ ಬಡೀತು. ಇಬ್ಬರೂ ನಕ್ವಿ. ಮನೇಲಿ ಆಗ ಬೇರೆ ಯಾರೂ ಇರಲಿಲ್ಲ. ಊಟ ಆಗಿತ್ತು, ಎದುರಿಗೆ ಕೂತಿದ್ರು. ಇನ್ನು ಕೇಳದೇ ಇದ್ರೆ ತಾಳಿ ಕಟ್ಟಿಸಿಯೇ ಕೇಳಬೇಕು. ದೇವರ ಮೇಲೆ ಭಾರ ಹಾಕಿ, ಇಷ್ಟು ದಿನ ಬಾಯಿಪಾಠ ಮಾಡಿಟ್ಟಿದ್ದ ಜರ್ಮನ್ ವಾಕ್ಯಾನ ಬಿಡಿಸಿ ಬಿಡಿಸಿ ಕೇಳಿದೆ: "ಮದುವೆ ಆದ ಮೇಲೆ ನನ್ನ ಮಗಳನ್ನ ನಿಮ್ಮ ದೇಶಕ್ಕೆ ಕರಕೊಂಡು ಹೋಗ್ತೀರಾ?"

ಬೀಗಿತ್ತಿ ನನ್ನ ಮುಖ ನೋಡಿ, ತಲೆ ಆಡಿಸಿ, ಸ್ಪಷ್ಟವಾಗಿ, "ಹೂಂ" ಅಂದ್ರು.

ಕೈಯಲ್ಲಿದ್ದ ಕಾಳು ಕೆಳಗೆ ಬಿತ್ತು. "ಅಲ್ಲೇ ಇಟ್ಕೋತೀರಾ?" ಅಂದೆ.

"ಹೂಂ."

"ವಾಪಸ್ ಕಳಿಸೋದೇ ಇಲ್ವಾ?"

ಆಯಮ್ಮ ಕಣ್ಣು ಅಗಲ ಮಾಡಿ, "ಹೌದಾ!" ಅಂದ್ರು.

ಅಷ್ಟೇ ನೋಡಿ. ಬೇಸಿನ್ ಎತ್ತಿ ಒಗೆದೆ. ಹಜಾರದ ತುಂಬ ಅವರೆಕಾಳು. ಬಾಯಿ ಬಾಯಿ ಬಡ್ಕೊಂಡು ಹೊರಗೆ ಓಡಿದೆ. "ರೀ, ಕಂಬ ಕೀಳಿಸ್ರೀ! ಚಪ್ಪರದೋರನ್ನ ವಾಪಸ್ ಕಳಿಸ್ರೀ! ಈ ಮದುವೆ ಆಗಲ್ಲ! ನನ್ನ ಮಗಳನ್ನ ಹೊತ್ಕೊಂಡು ಹೋಗೋಕೆ ಪೆಟ್ಟಿಗೆ ಸಮೇತ ಬಂದವ್ರೆ!" ಕಂಬದ ಮೇಲಿದ್ದೋನು ಹೆದರಿ ಸರಕ್ಕಂತ ಜಾರಿ ಕೆಳಗೆ ಬಂದ. ನಾನು ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತೆ. ಇರೋಳೊಬ್ಬಳು. ಅವಳಿಲ್ಲದ ಮನೇಲಿ ನಾನು ಯಾರನ್ನ ಬೈಕೊಂಡು ಬದುಕಲಿ?

ಮಗಳು ಬ್ಯೂಟಿ ಪಾರ್ಲರಿಂದ ಮುಖಕ್ಕೆ ಏನೋ ಬಳ್ಕೊಂಡಿದ್ದ ಹಾಗೇ ಓಡಿ ಬಂದಳು. ಹುಡುಗನೂ ಹಿಂದೆ ಬಂದ. ಬೀಗಿತ್ತಿ ಕಾಳು ತುಳೀತಾ ಗಾಬರೀಲಿ ಆಚೆ ಬಂದ್ರು. ನಾನು ಬೆರಳು ತೋರಿಸಿ, "ಕೇಳು ಅವರನ್ನ! ನಿನ್ನ ಕರಕೊಂಡು ಹೋಗ್ತಾರಂತೆ! ಒಂದಲ್ಲ, ಮೂರು ಸಲ ಒಪ್ಕೊಂಡ್ರು!" ಅಂದೆ. ಹುಡುಗ ತಾಯಿ ಹತ್ರ ಮಾತಾಡಿದ. ಮಾತಾಡ್ತಾ ಮಾತಾಡ್ತಾ ಅವನ ಮುಖ ವಿಚಿತ್ರ ಆಯ್ತು.

"ಆಂಟಿ," ಅಂದ, "ಅಮ್ಮನಿಗೆ ನಿಮ್ಮ ಜರ್ಮನ್ ಒಂದು ಮಾತೂ ಅರ್ಥ ಆಗಿಲ್ಲ. ಅವರೆಕಾಯಿ ಬಗ್ಗೆ ಹೇಳ್ತಿದೀರಿ ಅಂದ್ಕೊಂಡ್ರಂತೆ. ಇಲ್ಲಿ ಯಾರಾದ್ರೂ ಮಾತಾಡಿದ್ರೆ ಮರ್ಯಾದೆಗೆ ಹೂಂ ಅನ್ನಬೇಕು, ನಡುವೆ ಒಂದ್ಸಲ ಹೌದಾ ಅನ್ನಬೇಕು ಅಂತ ನಿಮ್ಮನ್ನ ನೋಡೇ ಕಲ್ತಿದ್ದಂತೆ."

ಮಗಳು ಪಕ್ಕದಲ್ಲಿ ಕೂತು ನನ್ನ ಭುಜ ಹಿಡ್ಕೊಂಡಳು. "ಎಷ್ಟು ಸಲ ಹೇಳಬೇಕು ನಿನಗೆ? ಅಲ್ಲಿ ಚಳಿ ತಡಿಯೋಕಾಗಲ್ಲ ಅಂತಲೇ ಇವನು ಇಲ್ಲಿಗೆ ಬಂದಿರೋದು. ಜೆಪಿ ನಗರದಲ್ಲಿ ಮನೆ ನೋಡಿದೀವಿ. ನಾನೆಲ್ಲೂ ಹೋಗಲ್ಲ ಕಣಮ್ಮಾ" ಅಂದಳು. ಅವಳ ಮುಖದ ಲೇಪ ನನ್ನ ಸೆರಗಿಗೆಲ್ಲ ಮೆತ್ಕೊಂಡ್ತು. ಮೆತ್ಕೊಳ್ಳಲಿ ಬಿಡಿ. ಇಷ್ಟು ದಿನದಲ್ಲಿ ಅವತ್ತೇ ನಾನು ನೆಟ್ಟಗೆ ಉಸಿರು ಬಿಟ್ಟಿದ್ದು.

ಎಲ್ಲಾ ಸರಿಹೋಯ್ತು ಅನ್ನೋವಾಗ ಬೀಗಿತ್ತಿ ಮುಖ ಬಾಡಿತು. ಮಗನ ತೋಳು ಹಿಡಿದು ಮೆಲ್ಲಗೆ ಏನೋ ಕೇಳಿದ್ರು. ಹುಡುಗ ಬೆಚ್ಚಿಬಿದ್ದ. ತಿರುಗಿ ನನ್ನ ನೋಡಿ, "ಆಂಟಿ, ಹಾಗಾದ್ರೆ ನೀವು ಫೋನಲ್ಲಿ ಅಂದಿದ್ದ ಹೂಂ ಕೂಡ ಇದೇ ಥರದ್ದಾ ಅಂತ ಕೇಳ್ತಿದ್ದಾರೆ" ಅಂದ.

"ಯಾವ ಹೂಂ?" ಅಂದೆ.

ಹಿಮದಲ್ಲಿ ಆಯಮ್ಮನ ಮಂಡಿ ನೋವು ಜಾಸ್ತಿಯಂತೆ. ಚಳಿಗಾಲದಲ್ಲಿ ಬೆಚ್ಚಗಿರೋ ಊರಲ್ಲಿರಿ ಅಂತ ಡಾಕ್ಟ್ರು ಹೇಳಿದ್ರಂತೆ. ನಾನು ಮೇಲಿನ ಖಾಲಿ ಮನೆ, ಬಿಸಿಲು ತೋರಿಸಿದ ದಿನ, ಪ್ರತಿ ವರ್ಷ ಚಳಿಗಾಲ ಪೂರ್ತಿ ನಾವು ಗಂಡ ಹೆಂಡತಿ ಬಂದು ಅಲ್ಲಿ ಇರಬಹುದಾ, ನಿಮಗೆ ತೊಂದರೆ ಆಗಲ್ವಾ ಅಂತ ಅಂಜಿ ಅಂಜಿ ಕೇಳಿದ್ರಂತೆ. ನಾನು ಕಣ್ಣು ಅಗಲ ಮಾಡಿ ಸಂತೋಷಪಟ್ಟು, ಖಂಡಿತ ಅಂತ ಎರಡೆರಡು ಸಲ ಒಪ್ಕೊಂಡೆನಂತೆ. ಮಕ್ಕಳಿಗೆ ಈಗಲೇ ಹೇಳೋದು ಬೇಡ, ಮದುವೆ ದಿನ ಹೇಳೋಣ ಅಂದ್ರಂತೆ. ಅದಕ್ಕೂ ಹೂಂ ಅಂದೆನಂತೆ. ಊರಲ್ಲಿ ಕೋಳಿಗಳನ್ನ ಪಕ್ಕದ ಮನೆಯೋರಿಗೆ ಒಪ್ಪಿಸಿ, ಮನೆ ಬೀಗದಕೈ ತಮ್ಮನಿಗೆ ಕೊಟ್ಟು ಬಂದವ್ರೆ. ಇಷ್ಟು ದಿನ ಈ ಗುಟ್ಟನ್ನ ಒಬ್ಬರಿಗೂ ಬಿಡದೆ ಕಾಪಾಡಿದ್ದಕ್ಕೆ ನನಗೆ ಬಹಳ ಥ್ಯಾಂಕ್ಸ್ ಬೇರೆ ಹೇಳಬೇಕು ಅಂತಿದ್ರಂತೆ.

ಬೀಗಿತ್ತಿ ಅಳುಮುಖ ಮಾಡ್ಕೊಂಡು ನನ್ನನ್ನೇ ನೋಡ್ತಿದ್ರು. ಆ ಮುಖ ನೋಡಿ ಇಲ್ಲ ಅನ್ನೋಕೆ ನಾನೇನು ರಾಕ್ಷಸಿಯೇ? ಮಗಳು ಹೋಗಲ್ಲ ಅನ್ನೋ ಸಂತೋಷ ಒಂದು ಕಡೆ, ವರ್ಷವರ್ಷ ಬರೋ ಬೀಗರು ಇನ್ನೊಂದು ಕಡೆ. ಎದ್ದು ಹೋಗಿ ಆಯಮ್ಮನ ಕೈ ಹಿಡ್ಕೊಂಡು ಒಳಗೆ ಕರಕೊಂಡು ಬಂದು, ಇಬ್ಬರೂ ಸೇರಿ ಕಾಳು ಆಯೋಕೆ ಕೂತ್ವಿ.

ನಮ್ಮೆಜಮಾನ್ರು ಗೇಟಿನ ಹತ್ರ ಹೋಗಿ, ಮೇಲಿನ ಮನೆ ಬಾಡಿಗೆಗಿದೆ ಅಂತ ತಗುಲಿಹಾಕಿದ್ದ ಬೋರ್ಡು ಬಿಚ್ಚಿ ಕಂಕುಳಲ್ಲಿ ಇಟ್ಕೊಂಡು ಬಂದ್ರು. ನನ್ನ ಎದುರಿಗೆ ನಿಂತು, ಕೈ ಮುಗಿದು ಹೇಳಿದ್ರು:

"ತಾಯೀ, ದಯವಿಟ್ಟು ಇನ್ನೊಂದು ಭಾಷೆ ಕಲೀಬೇಡ. ಮನೇಲಿ ಇನ್ನು ಜಾಗ ಇಲ್ಲ."